ಮೊಜಾರ್ಟ್‌ನ ಬಾಜೂಕ ಕೂತವ್ರು

ನಮ್ಮ ಧಾರವಾಡ ಕಡೆ ಅಡ್ಡೆಸರು ಹೆಂಗಿರ್ತಾವ ನಿಮಗ ಗೊತ್ತ ಅದ. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ಅಕ್ಕಿ. ಬೆಂಗಳೂರಿನವ್ರು ಕೇಳಿ ನಗ್ತಾರ. ಚೆಕ್ ದೇಶದಾಗೂ ಥೇಟ್ ಹಿಂಗ ಅದ ಅಂತ ನನಗ ತಿಳಿದದ್ದು ಐವತ್ತಾರನೇ ವಯಸ್ಸಿನ್ಯಾಗ. ರಿಬಾ ಅಂದ್ರ ಮೀನ. ಕೊಝೆಲುಹ್ ಅಂದ್ರ ತೊಗಲು ಹದಾ ಮಾಡಾಂವ. ಮಿಸ್ಲಿವೆಚೆಕ್ ಅಂದ್ರ ಸಣ್ಣ ಬೇಟೆಗಾರ. ಈ ಮೂರೂ ಅಡ್ಡೆಸರಿನವ್ರು ಮೊಜಾರ್ಟ್, ಹೈಡನ್ ಇದ್ದ ಕಾಲದಾಗ ಅವರ ಜೋಡಿನ ಸಂಗೀತ ಬರದವ್ರು. ಮೊಜಾರ್ಟ್ ಹೆಸರು ಮೊಬೈಲ್ ರಿಂಗ್‌ಟೋನ್ ಮಾಡೋವ್ರಿಗೂ ಗೊತ್ತು. ಇವರ ಹೆಸರು ಕೇಳಿದವ್ರು ಕಡಿಮಿ.

ನನಗ ಇವರ ಗುರ್ತಾಗಿದ್ದು ಮಗಳ ಬಾಣಂತನಕ್ಕ ಅಂತ ಪ್ರಾಗ್‌ಗೆ ಹೋದಾಗ. ನವೆಂಬರದಾಗ ಹೋದೆ, ಮಾರ್ಚಿಗೆ ಬಂದೆ. ನಾಲ್ಕು ಗಂಟೆಕ್ಕ ಕತ್ತಲ ಆಗೋ ಊರು. ಮಗಳ ಮನಿ ಕೆಳಗ ಎಂಬತ್ತು ದಾಟಿದ ಅಜ್ಜಿ ಒಬ್ಬಾಕಿ ಇದ್ಲು, ಸಾಲ್ಯಾಗ ಸಂಗೀತ ಕಲಿಸಿ ರಿಟಾಯರ್ ಆದಾಕಿ. ಅಕಿ ಭಾಷಾ ನನಗ ಬರಂಗಿಲ್ಲ, ನನ್ನ ಪಿಯುಸಿ ಇಂಗ್ಲಿಷು ಅಕಿಗೆ ಬರಂಗಿಲ್ಲ. ನಾ ಎರಡು ಅಂಟಿನುಂಡಿ ಕೊಟ್ಟೆ, ಅಕಿ ಮರುದಿವಸ ಕೈ ಹಿಡಿದು ಒಳಗ ಕರಕೊಂಡು ಹೋಗಿ ಕೂಡಿಸಿ ರೆಕಾರ್ಡ್ ಹಚ್ಚಿದ್ಲು. ಸುಪ್ರಾಫೋನ್ ಅಂತ ಅವರ ಆಗಿನ ಸರ್ಕಾರದ ಕಂಪನಿ ಹಳೇ ಚೆಕ್ ಸಂಗೀತಾನ ಸಾಲಾಗಿ ರೆಕಾರ್ಡ್ ಮಾಡಿ ತಗದಿತ್ತು. ಅಕಿ ಮನ್ಯಾಗ ಒಂದು ಕಪಾಟ ತುಂಬ ಅವ. ಒಂದೊಂದಕ್ಕೂ ಹೆಸರು, ಇಸವಿ ಚೀಟಿ ಮ್ಯಾಲೆ ಬರದು ಕೊಡ್ತಿದ್ಲು. ನಾ ರಾತ್ರಿ ಮುಸರಿ ತಿಕ್ಕಿ, ಅಳಿಯನ ಕಡೆ ಆ ಚೀಟಿ ಓದಿಸಿ, ಮೊಬೈಲ್‌ನ್ಯಾಗ ಹುಡುಕಿಸ್ತಿದ್ದೆ.

ಮೊದಲನೇ ಚೀಟಿ ವಾನ್ಯಹಾಲ್ ಅನ್ನಾಂವಂದು. 1739ರಾಗ ನೆಹಾನಿತ್ಸೆ ಅನ್ನೋ ಸಣ್ಣ ಊರಾಗ ಹುಟ್ಟಿದಾಂವ, ಜೀತದ ಮನೆತನ. ಆಗ ಅಲ್ಲೆ ಜೀತದವ್ರು ಊರು ಬಿಡಬೇಕಂದ್ರ, ಲಗ್ನ ಮಾಡ್ಕೋಬೇಕಂದ್ರ ಸೈತ ಜಹಗೀರದಾರನ ಒಪ್ಪಿಗಿ ಬೇಕು. ಎರಡನೇ ಯೋಸೆಫ್ ಬಾದಶಹಾ ಆ ಪದ್ಧತಿ ತಗದು ಹಾಕಿದ್ದು 1781ರಾಗ. ವಾನ್ಯಹಾಲ್ ಅಲ್ಲೀ ತನಕ ಕಾಯಲಿಲ್ಲ. ವಿಯೆನ್ನಾಕ್ಕ ಹೋಗಿ, ಸಂಗೀತದಾಗ ಗಳಿಸಿದ ರೊಕ್ಕ ಕೊಟ್ಟು ತನ್ನ ತಾನ ಬಿಡಿಸ್ಕೊಂಡಾ. ಮುಂದ ಯಾವ ರಾಜನ ಮನ್ಯಾಗೂ ಕಾಯಂ ನೌಕರಿ ಹಿಡೀಲಿಲ್ಲ. ಪಾಠ ಹೇಳಿ, ಬರದದ್ದು ಅಚ್ಚು ಹಾಕಿಸಿ, 1813ರ ತನಕ ಜೀವನಾ ಮಾಡಿದಾ. 1784ರಾಗ ವಿಯೆನ್ನಾದ ಒಂದು ಮನ್ಯಾಗ ನಾಲ್ಕು ಮಂದಿ ಕೂಡಿ ಬಾರಿಸಿದ್ದನ್ನ ಕೆಲ್ಲಿ ಅನ್ನೋ ಹಾಡುಗಾರ ಬರದಿಟ್ಟಾನ. ಹೈಡನ್ ಮತ್ತ ಡಿಟ್ಟರ್ಸ್‌ಡೋರ್ಫ್ ವಾಯಲಿನ್, ಮೊಜಾರ್ಟ್ ವಿಯೋಲಾ, ಚೆಲ್ಲೋ ಹಿಡಿದಾಂವ ನಮ್ಮ ವಾನ್ಯಹಾಲ್. ನಾಲ್ಕರಾಗ ಇಬ್ಬರ ಫೋಟೋ ಎಲ್ಲಾ ಕಡೆ ಅದ, ಉಳಿದಿಬ್ಬರನ್ನ ಹುಡುಕಿ ತಗೀಬೇಕು.

ಇಷ್ಟು ಸಣ್ಣ ನಾಡಿನ್ಯಾಗ ಇಷ್ಟು ಮಂದಿ ಹೆಂಗ ಅಂತ ನನಗೂ ಅನಿಸ್ತು. 1772ರಾಗ ಬರ್ನಿ ಅನ್ನೋ ಇಂಗ್ಲಿಷರಾಂವ ಅಲ್ಲೆ ತಿರಗ್ಯಾಡಿದಾಗ, ಚಾಸ್ಲಾವ್ ಊರಿನ ಸಾಲ್ಯಾಗ ಆರರಿಂದ ಹನ್ನೊಂದು ವಯಸ್ಸಿನ ಹುಡುಗರು ಹುಡಿಗ್ಯಾರು ಓದೋದು ಬರಿಯೋದರ ಜೋಡಿನ ವಾಯಲಿನ್ನು ಓಬೋ ಬಾರಿಸೋದನ್ನ ಕಂಡಾನ. ಸಾಲಿ ಮಾಸ್ತರನ ಸಂಗೀತದ ಮಾಸ್ತರ. ಕಲಿತವ್ರಿಗೆ ಊರಾಗ ಅನ್ನ ಇಲ್ಲ. ರಾಜ ಇರೋದು ವಿಯೆನ್ನಾದಾಗ, ಒಪೆರಾ ಇರೋದು ಇಟಲಿಯೊಳಗ. ಹಿಂಗಾಗಿ ಎಲ್ಲಾರೂ ಹೊರಗ ಬಿದ್ರು. ಸ್ಟಿಖ್ ಅನ್ನೋ ಹಾರ್ನ್ ಊದಾಂವ ಜಹಗೀರದಾರನ ಕಡಿಂದ ಓಡಿ ಹೋದ್ರ, ಇನ್ನ ಊದಬಾರದು ಅಂತ ಅವನ ಮುಂದಿನ ಹಲ್ಲು ಮುರೀಲಿಕ್ಕೆ ಆಳು ಕಳಿಸಿದ್ರಂತ. ಆಂವ ಪುಂಟೊ ಅಂತ ಇಟಲಿ ಹೆಸರಿಟ್ಕೊಂಡು ಊದಿದಾ. 1800ರಾಗ ಬೀಥೋವನ್ ಅವನ ಸಲುವಾಗಿ ಒಂದು ಸೊನಾಟಾನ ಬರದಾ. ಹಿಂಗ ಪರದೇಶದಾಗ ಹೆಸರು ಬದಲಾದವ್ರು, ಅಕ್ಷರ ಬದಲಾದವ್ರು ಭಾಳ. ವಾನ್ಯಹಾಲ್ ಸೈತ ರೆಕಾರ್ಡಿನ ಕವರ್ ಮ್ಯಾಲೆ ಒಂದರಾಗ ವಾನ್‌ಹಾಲ್, ಒಂದರಾಗ ವಾನ್‌ಹಲ್. ಹೆಣ್ಣಮಕ್ಕಳಿಗೆ ಇದು ಹೊಸಾದಲ್ಲ ಬಿಡ್ರಿ. ತವರಮನಿ ಹೆಸರು ಹಿಡಿದು ಹುಡುಕಿದ್ರ ನಾನೂ ಸಿಗಂಗಿಲ್ಲ.

ಇತ್ತ ಮ್ಯಾಲಿನ ಮನ್ಯಾಗ ನನ್ನ ಮಗಳು ಮಾತು ಬಿಟ್ಟಿದ್ಲು. ಕೂಸು ಹುಟ್ಟಿ ಮೂರು ವಾರಕ್ಕ ಶುರು ಆತು. ಹಾಲು ಕುಡಸ್ತಿದ್ಲು, ಗ್ವಾಡಿ ನೋಡ್ಕೋತ ಕೂಡ್ತಿದ್ಲು. ಅಳಿಯಾ ಡಾಕ್ಟರ ಕಡೆ ಕರಕೊಂಡು ಹೋದಾ, ಬಾಣಂತ್ಯಾರಿಗೆ ಹಿಂಗಾಗ್ತದ, ಔಷಧ ಅದ ಅಂತ ಅವರು ಹೇಳಿದ್ರು, ಕೊಟ್ರು. ಸಂಗೀತದ್ಲೆ ಆರಾಮಾತು ಅಂತ ನಾ ಹೇಳಂಗಿಲ್ಲ, ಯಾರಾದ್ರೂ ಹಂಗ ಹೇಳಿದ್ರ ನೀವೂ ನಂಬಬ್ಯಾಡ್ರಿ. ಆದ್ರ ಒಂದು ಮಾತು ಅದ. ಅಳಿಯಾ ಬೀಥೋವನ್ ಹಚ್ಚಿದ್ರ ಅಕಿ “ಬಂದ್ ಮಾಡು” ಅಂತಿದ್ಲು. ಒಂದು ಮಧ್ಯಾಹ್ನ ನಾ ಅಳವಿ ಪಾಯಸ ತಿರಿವಿಕೋತ, ನನ್ನಷ್ಟಕ್ಕ ನಾ ಮೊಬೈಲ್‌ನ್ಯಾಗ ಕೊಝೆಲುಹ್‌ನ ಪಿಯಾನೋ ಸೊನಾಟಾ ಸಣ್ಣಕ ಹಚ್ಚಿದ್ದೆ. ಮುಗೀತು. ಒಳಗಿಂದ, “ಅವ್ವಾ, ಅದನ್ನ ಮತ್ತ ಹಚ್ಚು.”

ಒಂಬತ್ತು ದಿವಸದಾಗ ತಾನಾಗೆ ಆಡಿದ ಮೊದಲನೇ ಮಾತು. ಪಾಯಸ ತಳ ಹತ್ತಿತು, ಹತ್ತಲಿ ಅಂದೆ. “ಯಾರದಿದು?” ಅಂದ್ಲು. “ತೊಗಲು ಹದಾ ಮಾಡಾಂವಂದು” ಅಂದೆ. ನಕ್ಕಳು, ಸಣ್ಣಕ.

ನಾ ಹಚ್ಚಿದ್ದು ನ್ಯೂಜಿಲೆಂಡಿನ ಕೆಂಪ್ ಇಂಗ್ಲಿಷ್ ಅನ್ನಾವ್ರು ಬಾರಿಸಿದ್ದು. ಅವರು ಕೊಝೆಲುಹ್‌ನ ಸೊನಾಟಾ ಅಷ್ಟೂ ರೆಕಾರ್ಡ್ ಮಾಡ್ಯಾರ, ಅದೂ ಆ ಕಾಲದ ನಮೂನಿ ಪಿಯಾನೋದ ಮ್ಯಾಲೆ. ಈಗಿನ ಪಿಯಾನೋದ ಗುಡುಗು ಅದಕ್ಕಿಲ್ಲ. ದನಿ ಸಣ್ಣದು, ಲಗೂನ ಆರತದ, ಎರಡು ಸ್ವರದ ನಡುವ ಉಸಿರಾಡ್ಲಿಕ್ಕೆ ಜಾಗಾ ಇರ್ತದ. ಮನಿಯೊಳಗ ಕೂತು ಬಾರಿಸೋವ್ರ ಸಲುವಾಗಿ ಮಾಡಿದ ವಾದ್ಯ ಅದು, ಬರದದ್ದೂ ಬಹಳಷ್ಟು ಅವರ ಸಲುವಾಗೇ. ಕೊಝೆಲುಹ್‌ನ ಕಡೆ ಕಲಿತವ್ರೊಳಗ ಪಾರಾಡಿಸ್ ಅನ್ನೋ ಹುಡಿಗಿ ಇದ್ಲು, ಸಣ್ಣಂದಿರತ ಕಣ್ಣು ಹೋದಾಕಿ, ಊರೂರು ತಿರುಗಿ ಕಛೇರಿ ಮಾಡಿದಾಕಿ. ವಾನ್ಯಹಾಲ್ ಸೈತ ಕಡೀಕ ಸಿಂಫನಿ ಬಿಟ್ಟು ಮನ್ಯಾಗ ಕಲಿಯೋವ್ರಿಗೆ ಭಾಳ ಬರದಾ. ಮನಿ ಮಂದಿಗೆ ಅಂತ ಬರದದ್ದಕ್ಕ ಇವರನ್ನ ಎರಡನೇ ಸಾಲಿಗೆ ತಳ್ಳಿದ್ರು ಅಂತ ನನ್ನ ಗುಮಾನಿ. ಹಬ್ಬದ ಹೋಳಿಗಿ ನೆನಸ್ತಾರ, ದಿನದ ಸಾರು ಯಾರು ನೆನಸ್ತಾರ?

ನಮ್ಮ ಮನಿಯವ್ರು ಧಾರವಾಡದಿಂದ ಫೋನಿನ್ಯಾಗ, “ಮೊಜಾರ್ಟ್ ಇರಬೇಕಾದ್ರ ಇವರ್ಯಾಕ?” ಅಂದ್ರು. ಅವರು ಮನಸೂರರನ್ನ ಬಿಟ್ಟು ಬ್ಯಾರೆ ಕೇಳದವ್ರು. “ನಮ್ಮೂರಾಗ ಮನಸೂರರು ಇದ್ರು, ಓಣ್ಯಾಗ ಪೇಟಿ ಕಲಿಸೋ ಮಾಸ್ತರೂ ಇದ್ರಲ್ಲ, ಅವರ ಕಡೆ ನೀವು ಎರಡು ವರ್ಷ ಯಾಕ ಹೋದ್ರಿ?” ಅಂದೆ. ಸುಮ್ನಾದ್ರು. ಹಂಗಂತ ಎಲ್ಲಾನೂ ಬಂಗಾರ ಅಂತ ನಾ ಅನ್ನಂಗಿಲ್ಲ. ಕೊಝೆಲುಹ್ ಕೆಲವು ಕಡೆ ಹೇಳಿದ್ದ ಹೇಳ್ತಾನ. ವಾನ್ಯಹಾಲ್‌ನ ಜಿ ಮೈನರ್ ಸಿಂಫನಿ ಮಾತ್ರ ಯಾರ ಮುಂದೂ ತಲಿ ಬಾಗಸಂಗಿಲ್ಲ. ಕನ್ಚೆರ್ಟೊ ಕ್ಯೋಲ್ನ್ ವಾದ್ಯವೃಂದದವ್ರು ಬಾರಿಸಿದ್ದು ಕೇಳ್ರಿ. ಕೂಸು ಮಲಗಿದಾಗ ಹಚ್ಚಬ್ಯಾಡ್ರಿ, ಏಳ್ತದ. ಮಿಸ್ಲಿವೆಚೆಕ್ ಬೇಕಂದ್ರ ಬ್ರ್ನೋ ಊರಿನ ಮಗದಲೇನಾ ಕೊಝೆನಾ ಹಾಡಿದ್ದು ಅದ. ಇಟಲಿಯೊಳಗ ಮೆರೆದು 1781ರಾಗ ರೋಮಿನ್ಯಾಗ ಬಡತನದಾಗ ಸತ್ತಾ ಆಂವ. ಅವನ ಕಥಿ ಇನ್ನೊಮ್ಮೆ.

ಕ್ರಿಸ್ಮಸ್ಸಿಗೆ ಅಜ್ಜಿ ನನ್ನ ಚರ್ಚಿಗೆ ಕರಕೊಂಡು ಹೋದ್ಲು. ಅವತ್ತು ರಿಬಾಂದು. ರೋಝ್ಮಿಟಾಲ್ ಊರಿನ ಸಾಲಿ ಮಾಸ್ತರ, 1796ರಾಗ ಬರದದ್ದು, ಮಂದಿಗೆ ತಿಳಿಯೋ ಚೆಕ್ ಮಾತಿನ್ಯಾಗ. ಕುರಿ ಕಾಯಾಂವ ಒಬ್ಬಾಂವ ನಡುರಾತ್ರಿ ಬೆಳಕು ಕಂಡು ತನ್ನ ಯಜಮಾನನ್ನ ಎಬ್ಬಸ್ತಾನ, ಅಲ್ಲಿಂದ ಶುರು. ಪ್ರತಿ ವರ್ಷ ಊರೂರಿಗೆ ಹಾಡ್ತಾರ. ಬಾಜೂಕಿನವ್ರೆಲ್ಲಾ ಬಾಯಿಪಾಠ ಗುಣುಗುಣಿಸ್ತಿದ್ರು. ಮನಿಗೆ ಬಂದು ಮಗಳಿಗೆ ಕುರಿ ಕಾಯಾಂವನ ಕಥಿ ಹೇಳಿದೆ, ರೆಕಾರ್ಡಿಂಗ್ ಹಚ್ಚಿದೆ. ಕೂಸಿನ್ನ ತೊಡಿ ಮ್ಯಾಲೆ ಹಾಕ್ಕೊಂಡು ಪೂರಾ ಕೇಳಿದ್ಲು. ಆ ಮಾಸ್ತರ 1815ರಾಗ ತನ್ನ ಜೀವಾ ತಾನ ತಗದಕೊಂಡಾ ಅನ್ನೋದನ್ನ ಆವಾಗ ಹೇಳಲಿಲ್ಲ. ಫೆಬ್ರವರಿ ಹೊತ್ತಿಗೆ, ಅಕಿ ತಾನ ಕೂಸಿನ್ನ ಎರೀಲಿಕ್ಕೆ ಶುರು ಮಾಡಿದ ಮ್ಯಾಲೆ, ತಾನ ಎಲ್ಲೋ ಓದಿ ನನಗ ಹೇಳಿದ್ಲು. “ನಿನಗ ಗೊತ್ತಿತ್ತೇನವ್ವಾ?” ಅಂದ್ಲು. ಹೂಂ ಅಂದೆ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ, ಆದ್ರ ಅದು ಬ್ಯಾರೆ ನಮೂನಿ ಸುಮ್ನಿರೋದು.

ಬರೋ ಮುಂದ ಅಜ್ಜಿ ವಾನ್ಯಹಾಲ್‌ನ ಒಂದು ರೆಕಾರ್ಡು ನನ್ನ ಪಾತಳ ನಡುವ ಇಟ್ಟು ಕಳಿಸಿದ್ಲು. ನಮ್ಮ ಅಟ್ಟದ ಮ್ಯಾಲೆ ಮಾವನವರ ಕಾಲದ ಪ್ಲೇಯರ್ ಅದ, ಮೋಟರು ತಿರಗತದ, ಸೂಜಿ ಹೋಗೇದ. ಎರಡು ವಾರದಿಂದ ಸುಭಾಸ ರೋಡಿನ ಅಂಗಡಿ ಅಂಗಡಿ ಹುಡುಕ್ಲಿಕ್ಕೆ ಹತ್ಯಾರ ನಮ್ಮ ಮನಿಯವ್ರು. ನಿಮ್ಮ ಕಡೆ ಎಲ್ಲೆರ ಸಿಗತದೇನು ಹೇಳ್ರಿ.