ಸೊರಬದ ದಾರಿಯಲ್ಲಿ ಒಂದು ಗೋಲಿ ಸೋಡಾ

ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಎಲ್ಲಿಗೆ ಹೋಗೋಣ ಎಂದು ಯೋಚಿಸುತ್ತಿದ್ದೀರಾ? ಶಿವಮೊಗ್ಗ ಜಿಲ್ಲೆಯ ಶಿಕಾರಿಪುರಕ್ಕೆ ಬನ್ನಿ. ಹುಚ್ಚರಾಯಸ್ವಾಮಿಯ ದರ್ಶನ ಮಾಡಿ, ಬಳ್ಳಿಗಾವಿಯ ಕೇದಾರೇಶ್ವರ ಗುಡಿ ನೋಡಿಕೊಂಡು ಸೊರಬ ಸೇರಿ. ಅಲ್ಲಿಂದ ಚಂದ್ರಗುತ್ತಿಯ ರೇಣುಕಾಂಬೆಯ ಗುಹಾದೇವಾಲಯಕ್ಕೂ ಹೋಗಬಹುದು. ಆದರೆ ನಾನಿವತ್ತು ಹೇಳಹೊರಟಿರುವುದು ಗುಡಿಗಳ ಸುದ್ದಿಯಲ್ಲ, ಬಾಯಾರಿಕೆಯ ಸುದ್ದಿ!

ಶಿಕಾರಿಪುರದಲ್ಲಿ ಬಸ್ಸು ಹತ್ತುವ ಮೊದಲು ಕೊಂಡ ಗೋಲಿ ಸೋಡಾ 'ಟುಸ್' ಎಂದಿತು, ಅಷ್ಟೆ. ಬರೀ ಸಪ್ಪೆ ನೀರು. ಸೊರಬದಲ್ಲಿ ಒಬ್ಬ ಹೆಂಗಸಿನ ಪುಟ್ಟ ಅಂಗಡಿಯಲ್ಲಿ ಕೊಂಡದ್ದೋ, 'ಕೀಂ' ಎಂದು ಕೂಗಿ ಮೂಗಿಗೇ ಏರಿತು. ಏನಮ್ಮಾ ಇದರ ಗುಟ್ಟು ಎಂದು ಕೇಳಿಯೇಬಿಟ್ಟೆ.

"ಬಿಸಿ ನೀರು ಗ್ಯಾಸು ಹಿಡಿಯಲ್ಲ ಅಕ್ಕಾ. ರಾತ್ರಿಯೆಲ್ಲಾ ಗಡಿಗೇಲಿಟ್ಟು ತಣ್ಣಗಾದ ನೀರನ್ನೇ ತುಂಬ್ತೀನಿ. ಬಾಟ್ಲಿ ಬಾಯಿನ ರಬ್ಬರು ಸವೆದ್ರೆ ಬದಲಾಯಿಸ್ತೀನಿ. ಇಲ್ದಿದ್ರೆ ಸಂದಿಯಿಂದ ಗ್ಯಾಸೆಲ್ಲಾ ಹೋಗ್ಬಿಡ್ತದೆ."

ಆಕೆಯ ಮಾತು ನೂರಕ್ಕೆ ನೂರು ನಿಜ. ಮಂಜಿನಷ್ಟು ತಣ್ಣಗಿರುವ ಒಂದು ಲೀಟರ್ ನೀರು, ಒತ್ತಡ ಹಾಕದಿದ್ದರೂ, ಸುಮಾರು ೧.೭ ಲೀಟರ್ ಇಂಗಾಲದ ಡೈಆಕ್ಸೈಡನ್ನು ಹಿಡಿದುಕೊಳ್ಳುತ್ತದೆ. ೩೦ ಡಿಗ್ರಿಯ ನೀರು ಮುಕ್ಕಾಲು ಲೀಟರನ್ನೂ ಹಿಡಿಯದು. ನಮ್ಮ ಇಡ್ಲಿ ಹಿಟ್ಟು ರಾತ್ರಿ ಉಬ್ಬುವುದೂ ಇದೇ ಗ್ಯಾಸಿನಿಂದ. ೧೭೬೭ರಲ್ಲಿ ಇಂಗ್ಲೆಂಡಿನ ಲೀಡ್ಸ್ ಊರಿನಲ್ಲಿ ಜೋಸೆಫ್ ಪ್ರೀಸ್ಟ್‌ಲಿ ಎಂಬಾತ ಬಿಯರ್ ತಯಾರಿಸುವ ತೊಟ್ಟಿಯ ಮೇಲೆ ನೀರಿಟ್ಟು, ಅದಕ್ಕೆ ಈ ಗ್ಯಾಸು ಸೇರಿಸಿ ರುಚಿ ನೋಡಿದ. ಸೋಡಾದ ಕತೆ ಶುರುವಾದದ್ದು ಹೀಗೆ. ಪೀಪಾಯಿಗೆ ಬಿಯರನ್ನೂ ಸೇಬಿನ ಸೈಡರನ್ನೂ ತುಂಬುವವರು ಇಂದಿಗೂ ಒಂದು ಲೀಟರಿಗೆ ಎಷ್ಟು ಲೀಟರ್ ಗ್ಯಾಸು ಎಂದೇ ಲೆಕ್ಕ ಹಾಕುತ್ತಾರೆ. ಬಿಯರಿಗೆ ಸುಮಾರು ಎರಡೂವರೆ ಸಾಕು, ಖಾರವಾದ ಸೋಡಾಕ್ಕೆ ಮೂರೂವರೆ, ನಾಲ್ಕು ಬೇಕು. ಅವರು ಮೀಟರು ನೋಡಿ ಹೇಳುವುದನ್ನು ಈಕೆ ಕೈಯಂದಾಜಿನಲ್ಲೇ ಹೇಳುತ್ತಾಳೆ.

ಗೋಲಿ ಬಾಟಲಿ ೧೮೭೦ರ ದಶಕದಲ್ಲಿ ಹಿರಾಮ್ ಕಾಡ್ ಎಂಬ ಇಂಗ್ಲಿಷಿನವನು ರೂಪಿಸಿದ್ದು. ಗ್ಯಾಸು ತುಂಬಿ ಬಾಟಲಿ ಬೋರಲು ಹಾಕಿದರೆ ಗೋಲಿ ಬಾಯಿಗೆ ಬಂದು ಕೂರುತ್ತದೆ. ಒಳಗಿನ ಗ್ಯಾಸೇ ಅದನ್ನು ಒತ್ತಿ ಹಿಡಿಯುತ್ತದೆ. ಕಳ್ಳನ ಕೈಯಿಂದಲೇ ಬಾಗಿಲಿಗೆ ಚಿಲಕ ಹಾಕಿಸಿದ ಹಾಗೆ!

ಆಕೆಯ ಎಡಗೈಯಲ್ಲಿ ಉದ್ದನೆಯ ಗಾಯದ ಕಲೆಯಿತ್ತು. "ಚಂದ್ರಗುತ್ತಿ ಜಾತ್ರೆ ಅವಸರದಲ್ಲಿ ಬಿರುಕು ಬಿಟ್ಟ ಬಾಟ್ಲಿ ನೋಡ್ದೆ ತುಂಬಿದ್ದೆ, ಒಡೀತು. ಆದ್ರೂ ಬಿಡೋಕಾಗತ್ತಾ? ಎರಡು ಮಕ್ಕಳನ್ನ ಓದಿಸಿದ್ದು ಈ ಚಕ್ರ ತಿರುಗಿಸೇ." ಈಗ ಕೈಗೆ ದಪ್ಪ ಗೋಣಿ ಸುತ್ತಿಕೊಳ್ಳದೆ ಆಕೆ ಯಂತ್ರ ಮುಟ್ಟುವುದಿಲ್ಲ.

ನೀವೂ ನೆನಪಿಡಿ. ಬಿರುಕು ಬಿಟ್ಟ ಬಾಟಲಿ ಬೇಡ. ಬಿಸಿಲಿಗೆ ಕಾದರೆ ಒಳಗಿನ ಒತ್ತಡ ಏರುತ್ತದೆ, ಆದ್ದರಿಂದ ಒದ್ದೆ ಬಟ್ಟೆ ಸುತ್ತಿ ನೆರಳಲ್ಲಿಡಿ. ಮನೆಯಲ್ಲಿ ನಿಂಬೆ ಸೋಡಾ ಮಾಡುವಾಗ ಉಪ್ಪು, ಸಕ್ಕರೆಯನ್ನು ಮೊದಲು ನಿಂಬೆರಸದಲ್ಲಿ ಕರಗಿಸಿ, ಕೊನೆಗೆ ತಣ್ಣನೆಯ ಸೋಡಾವನ್ನು ಲೋಟದ ಅಂಚಿನಿಂದ ನಿಧಾನವಾಗಿ ಇಳಿಸಿ. ಸೋಡಾಕ್ಕೆ ಉಪ್ಪು ಉದುರಿಸಿದಿರೋ, ಗ್ಯಾಸೆಲ್ಲಾ ನೊರೆಯಾಗಿ ಹೋದೀತು.

ಸೊರಬಕ್ಕೆ ಹೋದರೆ ಆ ಅಂಗಡಿಯನ್ನು ಹುಡುಕಿ. 'ಕೀಂ' ಎಂಬ ಸದ್ದೇ ನಿಮಗೆ ದಾರಿ ತೋರಿಸುತ್ತದೆ.