ಪೆನ್ಸಿಲ್ವೇನಿಯ: ತಂದೆ ಕೊಟ್ಟ ಮಾತು, ಮಕ್ಕಳು ಅಳೆದ ನೆಲ

ಬಂಧುಗಳ ಆಹ್ವಾನವನ್ನು ಮನ್ನಿಸಿ ನಾವು ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯಕ್ಕೆ ಹೋಗಿದ್ದಾಗ, ಮೊದಲು ಕಂಡದ್ದು ಫಿಲಡೆಲ್ಫಿಯ ನಗರಸಭಾ ಭವನದ ಗೋಪುರವನ್ನು. ಅದರ ತುದಿಯಲ್ಲಿ 37 ಅಡಿ ಎತ್ತರದ ಕಂಚಿನ ಪ್ರತಿಮೆಯೊಂದು ನಿಂತಿದೆ. ಅದು ಈ ನಾಡಿನ ಸ್ಥಾಪಕ ವಿಲಿಯಂ ಪೆನ್ನನದು. ಪ್ರತಿಮೆಯ ಮುಖ ಈಶಾನ್ಯಕ್ಕಿದೆ. ಆ ದಿಕ್ಕಿನಲ್ಲಿ ಏನಿದೆಯೆಂದು ವಿಚಾರಿಸಿದೆವು. ಡೆಲವೇರ್ ನದಿಯ ದಂಡೆಯ ಮೇಲಿನ ಒಂದು ಚಿಕ್ಕ ಉದ್ಯಾನವೆಂದು ತಿಳಿದು, ಮರುದಿನ ಅಲ್ಲಿಗೆ ಹೋದೆವು.

ಈ ನೆಲದ ಮೂಲನಿವಾಸಿಗಳು ಲೆನಾಪೆ ಜನ. 1638ರಲ್ಲಿ ಸ್ವೀಡನ್ನಿನವರು ಡೆಲವೇರ್ ಕಣಿವೆಯಲ್ಲಿ ನೆಲೆಯೂರಿದರು. 1655ರಲ್ಲಿ ಡಚ್ಚರು, 1664ರಲ್ಲಿ ಇಂಗ್ಲಿಷರು ಅದನ್ನು ವಶಪಡಿಸಿಕೊಂಡರು. ಪೆನ್ನನ ತಂದೆ ನೌಕಾಪಡೆಯ ಅಧಿಪತಿಯಾಗಿದ್ದವರು. ಅವರಿಗೆ ಅರಸನಿಂದ 16,000 ಪೌಂಡು ಸಾಲ ಬರಬೇಕಿತ್ತು. ಆ ಋಣಕ್ಕೆ ಬದಲಾಗಿ ಎರಡನೆಯ ಚಾರ್ಲ್ಸ್ ಅರಸನು 1681ರಲ್ಲಿ ಈ ವಿಶಾಲ ಅರಣ್ಯಪ್ರದೇಶವನ್ನು ಮಗನಿಗೆ ಬರೆದುಕೊಟ್ಟನು. ಪೆನ್ಸಿಲ್ವೇನಿಯ ಎಂದರೆ 'ಪೆನ್ನನ ಕಾಡು' ಎಂದೇ ಅರ್ಥ.

ಪೆನ್ನನು ಕ್ವೇಕರ್ ಪಂಥದವನು. ಪುರೋಹಿತರಿಲ್ಲದೆ ಮೌನವಾಗಿ ಕುಳಿತು ಪ್ರಾರ್ಥಿಸುವ, ಯುದ್ಧವನ್ನು ಒಲ್ಲದ ಪಂಥವದು. ತನ್ನ ನಂಬಿಕೆಗಾಗಿ ಸೆರೆಮನೆ ಕಂಡಿದ್ದ ಅವನು, ಇತರರ ನಂಬಿಕೆಗೂ ಇಲ್ಲಿ ಆಶ್ರಯವಿತ್ತನು. ಜರ್ಮನ್ ಕುಟುಂಬಗಳು 1683ರಲ್ಲಿ ಬಂದು ಜರ್ಮನ್‌ಟೌನ್ ಕಟ್ಟಿದವು. ಐದೇ ವರ್ಷಗಳಲ್ಲಿ, 1688ರಲ್ಲಿ, ಆ ಊರಿನ ನಾಲ್ವರು ಗುಲಾಮಗಿರಿಯನ್ನು ಖಂಡಿಸಿ ಮನವಿ ಬರೆದರು. ಆದರೆ ಪೆನ್ನನೇ ಗುಲಾಮರನ್ನು ಇರಿಸಿಕೊಂಡಿದ್ದನೆಂಬುದನ್ನು ಮರೆಮಾಚಲಾಗದು. ಗುಲಾಮಗಿರಿಯನ್ನು ಹಂತಹಂತವಾಗಿ ಕೊನೆಗೊಳಿಸುವ ಶಾಸನ ಬಂದದ್ದು 1780ರಲ್ಲಿ.

ಅರಸನ ಪತ್ರವಿದ್ದರೂ, ನೆಲವನ್ನು ಲೆನಾಪೆ ಜನರಿಂದ ಕೊಂಡೇ ಪಡೆಯಬೇಕೆಂಬುದು ಪೆನ್ನನ ನಿಲುವು. 1682ರ ಸುಮಾರಿಗೆ ಈ ನದೀತೀರದಲ್ಲಿ, ಎಲ್ಮ್ ಮರವೊಂದರ ನೆರಳಿನಲ್ಲಿ, ಅವನು ಅವರ ಮುಖಂಡರೊಡನೆ ಸ್ನೇಹದ ಒಡಂಬಡಿಕೆ ಮಾಡಿಕೊಂಡನೆಂದು ಪರಂಪರೆ ಹೇಳುತ್ತದೆ. 1810ರ ಬಿರುಗಾಳಿಗೆ ಆ ಮರ ಉರುಳಿತು. ಮರಕ್ಕಿಂತ ಬಹಳ ಮೊದಲೇ ಮಾತು ಉರುಳಿತ್ತು.

1718ರಲ್ಲಿ ಪೆನ್ನನು ತೀರಿಕೊಂಡ ಮೇಲೆ ನಾಡು ಮಕ್ಕಳ ಕೈಗೆ ಬಂತು. ಅವರು 1686ರದೆನ್ನಲಾದ ಹಳೆಯ ಪತ್ರವೊಂದನ್ನು ಮುಂದೆ ಮಾಡಿದರು. ಒಬ್ಬ ಮನುಷ್ಯ ಒಂದೂವರೆ ದಿನದಲ್ಲಿ ನಡೆಯುವಷ್ಟು ದೂರದ ನೆಲ ತಮ್ಮದೆಂಬುದು ಅದರ ವಾದ. ಲೆನಾಪೆ ಜನ ಎಣಿಸಿದ್ದು ದಣಿವಾರಿಸಿಕೊಳ್ಳುತ್ತ ಸಾಗುವ ಸಹಜ ನಡಿಗೆಯನ್ನು. ಪೆನ್ನನ ಮಕ್ಕಳ ಕಡೆಯವರಾದರೋ ಮೊದಲೇ ದಾರಿ ಸವರಿಸಿ, ಮೂವರು ಗಟ್ಟಿಗರನ್ನು ಗೊತ್ತುಮಾಡಿದ್ದರು. 1737ರ ಸೆಪ್ಟೆಂಬರಿನಲ್ಲಿ ಇಬ್ಬರು ನಡುದಾರಿಯಲ್ಲೇ ಸೋತರು. ಎಡ್ವರ್ಡ್ ಮಾರ್ಷಲ್ ಎಂಬವನು 60 ಮೈಲಿಗೂ ಹೆಚ್ಚು ದೂರ ಕ್ರಮಿಸಿದನು. ಅಲ್ಲಿಂದ ಗಡಿಗೆರೆಯನ್ನು ನದಿಯತ್ತ ಓರೆಯಾಗಿ ಎಳೆದು ಇನ್ನಷ್ಟು ನೆಲವನ್ನು ಒಳಗೆ ಹಾಕಿಕೊಂಡರು. ನೆಲೆ ತಪ್ಪಿದ ಲೆನಾಪೆ ಜನ ಪಶ್ಚಿಮಕ್ಕೆ ಸರಿಯುತ್ತ, ತಲೆಮಾರುಗಳ ತರುವಾಯ ದೂರದ ಓಕ್ಲಹೋಮ ಸೇರಿದರು. ಅವರ ವಂಶಜರು 2004ರಲ್ಲಿ ಹೂಡಿದ ದಾವೆಯನ್ನು 2006ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಎತ್ತಿಹಿಡಿಯಲಿಲ್ಲ.

ರಾಜ್ಯವಂತೂ ಬೆಳೆಯಿತು. 1776ರ ಸ್ವಾತಂತ್ರ್ಯ ಘೋಷಣೆ, 1787ರ ಸಂವಿಧಾನ ರೂಪುಗೊಂಡದ್ದು ಫಿಲಡೆಲ್ಫಿಯದ ಒಂದೇ ಭವನದಲ್ಲಿ. 1859ರಲ್ಲಿ ಟೈಟಸ್‌ವಿಲ್ ಬಳಿ ಡ್ರೇಕ್ ಎಂಬವನು ಕೊರೆಸಿದ ಬಾವಿಯಲ್ಲಿ ಸುಮಾರು 69 ಅಡಿ ಆಳದಲ್ಲಿ ಎಣ್ಣೆ ದೊರೆಯಿತು. ಕಲ್ಲಿದ್ದಲಿನ ಬಲದಿಂದ ಪಿಟ್ಸ್‌ಬರ್ಗ್ ಉಕ್ಕಿನ ನಗರವಾಯಿತು. 1980ರ ದಶಕದಲ್ಲಿ ಆ ಕುಲುಮೆಗಳು ಬಹುಪಾಲು ಆರಿದವು. ಲ್ಯಾಂಕಾಸ್ಟರ್ ಜಿಲ್ಲೆಯಲ್ಲಿ ಆಮಿಶ್ ರೈತರು ಇಂದಿಗೂ ಕುದುರೆಗಾಡಿಯಲ್ಲಿ ಸಂಚರಿಸುವುದನ್ನು ನಾವೇ ಕಂಡೆವು. ಪೆನ್ನನು ಇತ್ತ ಆಶ್ರಯದ ಮಾತು ಅವರ ಪಾಲಿಗೆ ಉಳಿದಿದೆ.

ಆ ಸಂಜೆ ನದೀತೀರದಲ್ಲಿ ನಾವು ಬಹಳ ಹೊತ್ತು ಕುಳಿತೆವು. ತಂದೆ ಮಕ್ಕಳಿಗೆ ನೆಲವನ್ನು ಬರೆದಿಡಬಹುದು. ನುಡಿದಂತೆ ನಡೆಯುವ ಗುಣವನ್ನು ಬರೆದಿಡಲಾಗದು. ಅದನ್ನು ಪ್ರತಿಯೊಂದು ತಲೆಮಾರೂ ತಾನೇ ಗಳಿಸಬೇಕು. ಗೋಪುರದ ಮೇಲಿನ ತಂದೆ ಇಂದಿಗೂ ತಾನು ಮಾತು ಕೊಟ್ಟ ದಂಡೆಯತ್ತಲೇ ನೋಡುತ್ತಿದ್ದಾನೆ. ಆ ಮಾತನ್ನು ಕೇಳಿದವರು ಮಾತ್ರ ಅಲ್ಲಿಲ್ಲ.