‘ತರ್ಕ’ ಮೂರು ಸಲ ನೋಡಿದವನು ಆ ರಾತ್ರಿ ಏನು ಮಾಡಿದ?

ಮೊದಲೇ ಹೇಳಿಬಿಡುತ್ತೇನೆ ಗೆಳೆಯರೇ, ‘ತರ್ಕ’ದಲ್ಲಿ ಕೊಲೆ ಮಾಡಿದ್ದು ಯಾರು ಅಂತ ನಾನಿಲ್ಲಿ ಬಾಯಿ ಬಿಡುವುದಿಲ್ಲ. ನೋಡದವರು ಇನ್ನೂ ಇದ್ದಾರೆ, ಅವರ ಮಜಾ ಕೆಡಿಸುವ ಪಾಪ ನನಗ್ಯಾಕೆ!

1989ರ ಚಿತ್ರ. ನಾನಿನ್ನೂ ಹುಟ್ಟೇ ಇರಲಿಲ್ಲ. ಸುನೀಲ್ ಕುಮಾರ್ ದೇಸಾಯಿಯವರ ಮೊಟ್ಟಮೊದಲ ನಿರ್ದೇಶನ. ಶಂಕರ್ ನಾಗ್, ದೇವರಾಜ್, ವನಿತಾ ವಾಸು. ಒಂದೇ ಒಂದು ಹಾಡಿಲ್ಲ! ಗದಗಿನ ಟಾಕೀಜಿನಲ್ಲಿ ನೋಡಿ ಬಂದಿದ್ದ ನಮ್ಮ ಕಾಕಾ ಇವತ್ತಿಗೂ ಹೇಳುತ್ತಾರೆ: “ಹಾಡ ಬಂದ್ರ ಬೀಡಿ ಸೇದಾಕ ಹೊರಗ ಹೋಗ್ತಿದ್ವಿ. ಇದರಾಗ ಎದ್ದು ಹೋಗಾಕ ಜಾಗಾನ ಕೊಡಲಿಲ್ಲಪಾ ಆ ದೇಸಾಯಿ!”

ಕಥೆಯ ಬೀಜ ಅಗಾಥಾ ಕ್ರಿಸ್ಟಿಯದು. 1958ರಲ್ಲಿ ಲಂಡನ್ನಿನಲ್ಲಿ ರಂಗಕ್ಕೆ ಬಂದ ‘ದಿ ಅನ್‌ಎಕ್ಸ್‌ಪೆಕ್ಟೆಡ್ ಗೆಸ್ಟ್’ ನಾಟಕ. ಮಂಜು ಕವಿದ ರಾತ್ರಿ ಒಬ್ಬ ಅಪರಿಚಿತ ಒಂದು ಮನೆ ಹೊಕ್ಕರೆ, ಅಲ್ಲಿ ಗಂಡ ಗಾಲಿಕುರ್ಚಿಯಲ್ಲಿ ಹೆಣವಾಗಿದ್ದಾನೆ, ಹೆಂಡತಿಯ ಕೈಯಲ್ಲಿ ಪಿಸ್ತೂಲು. ಹಿಂದಿಯ ಬಿ.ಆರ್. ಚೋಪ್ರಾ 1973ರಲ್ಲೇ ಇದನ್ನು ‘ಧುಂದ್’ ಮಾಡಿದ್ದರು. ಆದರೆ ನಮ್ಮ ದೇಸಾಯಿ ಹಾಕಿದ ಪಟ್ಟು ಬೇರೆ. ಮನೆ ಹೊಕ್ಕವನು ಅಪರಿಚಿತ ಅಲ್ಲ, ಅವಳ ಹಳೆಯ ಪ್ರೇಮಿ! ತಾನೇ ಜೈಲಿನಿಂದ ತಪ್ಪಿಸಿಕೊಂಡು ಬಂದವನು. ಅಲ್ಲಿಗೆ ಕಥೆಯ ನರವೇ ಬದಲಾಯಿತು ನೋಡಿ. ಕೊಂದವರು ಯಾರು ಅನ್ನೋದು ಹಿಂದಕ್ಕೆ ಸರಿದು, ಇವನು ಅವಳನ್ನು ಎಲ್ಲಿಯವರೆಗೆ ನಂಬುತ್ತಾನೆ ಅನ್ನೋದು ಮುಂದೆ ಬಂತು. ಮರುವರ್ಷವೇ ಕೆ.ಎಸ್. ರವಿಕುಮಾರ್ ತಮ್ಮ ಮೊದಲ ತಮಿಳು ಚಿತ್ರ ‘ಪುರಿಯಾದ ಪುದಿರ್’ಗೆ ಇದೇ ಕಥೆ ಎತ್ತಿಕೊಂಡರು. ಅದೇ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ನಮ್ಮ ಶಂಕ್ರಣ್ಣ ಹೋಗಿಬಿಟ್ಟ. ಮೂವತ್ತೈದು ವಯಸ್ಸು...

ಈಗ ನನ್ನ ಕಥೆ.

ಶಿರಹಟ್ಟಿಯಲ್ಲಿ ಪಿಯುಸಿ ಓದುವಾಗ ಒಬ್ಬಳಿದ್ದಳು. ಹೆಸರು ಬೇಡ. ನಾನು ಅರ್ಧಕ್ಕೇ ಬಿಟ್ಟು ಬೆಟಗೇರಿಗೆ ಬಂದು ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುವ ಕೆಲಸ ಹಿಡಿದೆ, ಆಮೇಲೆ ಪತ್ರಿಕೆಗಳಿಗೆ ಸುದ್ದಿ ಬರೆಯತೊಡಗಿದೆ. ಅವಳು ಪಾಸಾದಳು, ಲಕ್ಷ್ಮೇಶ್ವರಕ್ಕೆ ಮದುವೆಯಾಗಿ ಹೋದಳು. ಅಷ್ಟೇ. ಒಂಬತ್ತು ವರ್ಷ ಒಂದು ಮಾತಿಲ್ಲ.

ಕಳೆದ ಮಳೆಗಾಲದಲ್ಲಿ ಒಂದು ಸಂಜೆ ಗೊತ್ತಿಲ್ಲದ ನಂಬರಿನಿಂದ ಫೋನು. ದನಿ ಕೇಳಿದೊಡನೆ ಎದೆ ಧಸಕ್ಕಂತು. “ಲಕ್ಷ್ಮೇಶ್ವರ ಬಸ್ ಸ್ಟ್ಯಾಂಡಿಗೆ ಬರ್ತಿಯೇನು? ಈಗ ಬರಬೇಕು.”

ಹೋದೆ. ದಾರಿಯುದ್ದಕ್ಕೂ ತಲೆಯಲ್ಲಿ ನಾನೇ ಶಂಕರ್ ನಾಗ್ ಅಂತ ತಿಳಿಯಿರಿ! ಒಂಬತ್ತರ ಹೊತ್ತಿಗೆ ಇಳಿದರೆ, ಕಂಬದ ಮರೆಯಲ್ಲಿ ನಿಂತಿದ್ದಾಳೆ. ಕಂಕುಳಲ್ಲಿ ಮಗು, ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ. ಗಂಡ ಮಟಕಾ ಏಜೆಂಟ್. ಪೊಲೀಸರು ಹುಡುಕುತ್ತಿದ್ದಾರೆ, ಅವನು ಊರು ಬಿಟ್ಟಿದ್ದಾನೆ. ಚೀಲದಲ್ಲಿ ರೊಕ್ಕ, ಚೀಟಿ.

“ಎರಡ ದಿನ ಇಟಗೋ. ಅಷ್ಟ.”

ಕಲಂ 78(3) ಅಂತ ಎಷ್ಟು ಸುದ್ದಿ ಬರೆದಿದ್ದೇನೋ ನಾನು. ಇಷ್ಟು ನಗದು, ಮಟಕಾ ಚೀಟಿ, ಒಂದು ಬಾಲ್ ಪೆನ್ ಜಪ್ತಿ. (ಪ್ರತಿ ಸುದ್ದಿಯಲ್ಲೂ ಆ ಬಾಲ್ ಪೆನ್ ಇದ್ದೇ ಇರುತ್ತದೆ!) ಚೀಲ ನನ್ನ ರೂಮಿನಲ್ಲಿ ಸಿಕ್ಕರೆ ಮರುದಿನ ಆ ಸುದ್ದಿಯಲ್ಲಿ ನನ್ನ ಹೆಸರು. ಆದರೆ ನಿಜ ಹೇಳಲೇ? ಹೆದರಿಕೆಗಿಂತ ಅನುಮಾನ ದೊಡ್ಡದಿತ್ತು. ಇವಳು ಕರೆದದ್ದು ನನ್ನನ್ನೋ, ಠಾಣೆಯಲ್ಲಿ ನಾಲ್ಕು ಜನರ ಗುರುತಿರುವ ಪೇಪರಿನವನನ್ನೋ? ಅದನ್ನೇ ಕೇಳಿಬಿಟ್ಟೆ. ಸಿನಿಮಾದವನು ಕೇಳುತ್ತಿರಲಿಲ್ಲ.

ಅವಳು ಸಿಟ್ಟಾಗಲಿಲ್ಲ. “ಹೋಗೂಮುಂದ ಅಂವ ನನ್ನ ಮೊಬೈಲ್ ಒಡದು ಹೋದ. ಬಾಜೂ ಮನಿ ಅಕ್ಕನ ಫೋನ್ ಇಸಗೊಂಡೆ. ಯಾರ ನಂಬರ್ರೂ ನೆನಪಿಲ್ಲ ನನಗ. ಅವ್ವಂದೂ ಇಲ್ಲ. ನಿಂದೊಂದ ಬಾಯಿಪಾಠ ಐತಿ.”

ಇಷ್ಟು ಕೇಳಿಯೂ ನಾನು ಚೀಲಕ್ಕೆ ಕೈ ಚಾಚಲಿಲ್ಲ.

ಬಸ್ ಟಿಕೆಟಿನ ಹಿಂದೆ ಒಬ್ಬ ವಕೀಲರ ನಂಬರ್ ಬರೆದು ಕೊಟ್ಟೆ. ಬಾಯಿಗೆ ಬಂದ ನಾಲ್ಕು ಬುದ್ಧಿಮಾತು ಹೇಳಿದೆ. ಅವಳು ಚೀಟಿಯನ್ನು ಮಡಚಿ ಮಗುವಿನ ಅಂಗಿ ಕಿಸೆಯಲ್ಲಿಟ್ಟಳು. ಶಿರಹಟ್ಟಿಯ ಬಸ್ಸು ಬಂತು. ತವರು ಮುಂಡರಗಿ, ಅಲ್ಲಿಂದ ಹೇಗಾದರೂ ಮುಟ್ಟಿಕೊಳ್ಳುತ್ತೇನೆ ಅಂದಳು. ಕಂಡಕ್ಟರು ಆಧಾರ್ ನೋಡಿ ಶೂನ್ಯ ಟಿಕೆಟ್ ಹರಿದು ಕೊಟ್ಟದ್ದು ಕಿಟಕಿಯಿಂದ ಕಂಡಿತು. ಚೀಲ ತೊಡೆಯ ಮೇಲಿತ್ತು. ನನ್ನ ಕಡೆ ನೋಡಲಿಲ್ಲ. ಗದಗಿಗೆ ಬಸ್ಸಿಲ್ಲದೆ ಬೆಳಗಿನವರೆಗೂ ಸಿಮೆಂಟು ಕಟ್ಟೆಯ ಮೇಲೆ ಕೂತಿದ್ದೆ, ಸೊಳ್ಳೆ ಹೊಡೆಯುತ್ತಾ.

ಇದಾದ ಮೇಲೆ ಮತ್ತೊಮ್ಮೆ ‘ತರ್ಕ’ ಹಾಕಿಕೊಂಡೆ, ಮೊಬೈಲಿನಲ್ಲಿ. ಅವಳು ಮಾತಾಡುವಾಗ ಶಂಕರ್ ನಾಗ್ ಮುಖ ಬರುವ ಕಡೆಯಲ್ಲೆಲ್ಲ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಮೊದಲು ಮೂರು ಸಲ ನೋಡಿದಾಗ ನಾನು ಬರೀ ಕೊಲೆಗಾರನನ್ನೇ ಹುಡುಕುತ್ತಿದ್ದೆ. ಈ ಸಲ ಪೂರ್ತಿ ನೋಡಲಾಗಲಿಲ್ಲ.

ಹತ್ತು ದಿನದ ಮೇಲೆ ಠಾಣೆಯ ಪ್ರಕಟಣೆ ಬಂತು. ಅವಳ ಗಂಡ ಸಿಕ್ಕಿಬಿದ್ದಿದ್ದ. ಸುದ್ದಿ ನಾನೇ ಟೈಪ್ ಮಾಡಿದೆ: ನಗದು, ಚೀಟಿ, ಒಂದು ಬಾಲ್ ಪೆನ್. ಚೀಲದ ಮಾತೇ ಇಲ್ಲ! ಮುಂಡರಗಿಯಲ್ಲಿತ್ತೋ, ದಾರಿಯಲ್ಲಿ ಯಾವ ಹಳ್ಳದ ಪಾಲಾಯಿತೋ. ವಕೀಲರನ್ನು ಕೇಳಿದೆ, ಅಂಥಾ ಯಾರೂ ಫೋನ್ ಮಾಡಿಲ್ಲ ಅಂದರು.

ನಮ್ಮ ರೂಮಿನಲ್ಲಿ ಆ ಸಿಮ್ಮಿಗೆ ಸಿಗ್ನಲ್ ಬರೋದಿಲ್ಲ, ಬದಲಿಸು ಅಂತ ಗೆಳೆಯರ ಕಾಟ. ಬದಲಿಸಿಲ್ಲ.